ಡಾಟ್ ಎನ್ವ್ ಫೈಲಿಗೆ ಎಕ್ಸ್‌ಆರ್ಗ್ಸ್ ಬೇಡ

ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗಳನ್ನು ಸಾಲುಸಾಲಾಗಿ ಹೆಸರು=ವ್ಯಾಲ್ಯೂ ಎಂದು ಬರೆದಿಡುವ ಫೈಲ್ ಡಾಟ್ ಎನ್ವ್ (.env). ಅವು ಆ್ಯಪ್‌ಗೆ ಸಿಗಲೆಂದು ಈ ಫೈಲನ್ನು ಕ್ಯಾಟ್ ಮಾಡಿ, ಎಕ್ಸ್‌ಆರ್ಗ್ಸ್‌ಗೆ (ಬಂದ ಪಠ್ಯವನ್ನು ತುಂಡುಮಾಡಿ ಕಮಾಂಡಿಗೆ ಕೊಡುವ ಪ್ರೋಗ್ರಾಂ) ಪೈಪ್ ಮಾಡಿ, ಬಂದದ್ದನ್ನೆಲ್ಲ ಎಕ್ಸ್‌ಪೋರ್ಟ್‌ಗೆ ಸುರಿಯುವ ಆ ಒಂದು ಸಾಲನ್ನು ದಯವಿಟ್ಟು ಕಾಪಿ ಮಾಡಬೇಡಿ. ವ್ಯಾಲ್ಯೂ ನಡುವೆ ಒಂದೇ ಒಂದು ಸ್ಪೇಸ್ ಇದ್ದರೂ ಅಲ್ಲಿಗೇ ತುಂಡಾಗುತ್ತದೆ. ಕೋಟ್ ಹಾಕಿದರೂ ಪ್ರಯೋಜನವಿಲ್ಲ, ಎಕ್ಸ್‌ಆರ್ಗ್ಸ್ ಕೋಟನ್ನೇ ತಿಂದುಹಾಕುತ್ತದೆ.

ಬ್ಯಾಷ್, ಡ್ಯಾಷ್ ಎಂಬ ಎರಡೂ ಶೆಲ್‌ಗಳಲ್ಲಿ (ಕಮಾಂಡ್ ಓಡಿಸುವ ಪ್ರೋಗ್ರಾಂಗಳು) ನಡೆಯುವ ದಾರಿ ನಾಲ್ಕೇ ಸಾಲು. ಮೊದಲು 'ಸೆಟ್ ಮೈನಸ್ ಎ': ಇಲ್ಲಿಂದ ಮುಂದೆ ಹುಟ್ಟುವ ವೇರಿಯಬಲ್‌ಗಳೆಲ್ಲ ತಾವಾಗಿಯೇ ಎಕ್ಸ್‌ಪೋರ್ಟ್ ಆಗುತ್ತವೆ. ಆಮೇಲೆ ಡಾಟ್ ಕಮಾಂಡ್‌ನಿಂದ (ಬರೀ ಒಂದು ಚುಕ್ಕಿ) ಫೈಲ್ ಓದಿಸಿ. ಉಬುಂಟುವಿನ ಎಸ್‌ಎಚ್ ಅಂದರೆ ಡ್ಯಾಷ್, ಬ್ಯಾಷ್‌ನಲ್ಲಿ ಇದೇ ಕೆಲಸ ಮಾಡುವ 'ಸೋರ್ಸ್' ಅದಕ್ಕೆ ಗೊತ್ತಿಲ್ಲ. ಫೈಲ್ ಹೆಸರಿನ ಮುಂದೆ ಡಾಟ್ ಸ್ಲ್ಯಾಶ್ ಇರಲೇಬೇಕು, ಇಲ್ಲವಾದರೆ ಡ್ಯಾಷ್ ಅದನ್ನು ಪಾತ್‌ನಲ್ಲಿ (ಕಮಾಂಡ್‌ಗಳಿರುವ ಫೋಲ್ಡರ್‌ಗಳ ಪಟ್ಟಿ) ಹುಡುಕುತ್ತದೆ. ನಂತರ 'ಸೆಟ್ ಪ್ಲಸ್ ಎ', ತಾನಾಗಿ ಎಕ್ಸ್‌ಪೋರ್ಟ್ ಆಗುವುದನ್ನು ಅದು ನಿಲ್ಲಿಸುತ್ತದೆ. ಕೊನೆಗೆ 'ಎಕ್ಸೆಕ್' ಹಾಕಿ ಆ್ಯಪ್ ಶುರುಮಾಡಿ, ಆಗ ಶೆಲ್‌ನ ಜಾಗಕ್ಕೆ ಆ್ಯಪ್ಪೇ ಬಂದು ಕೂರುತ್ತದೆ.

ಈ ಎಕ್ಸೆಕ್ ಅನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಆಗ ಡಾಕರ್ ಕಂಟೇನರ್‌ನಲ್ಲಿ (ಆ್ಯಪ್ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) 1ನೇ ಪ್ರಾಸೆಸ್ ಆಗಿ ಶೆಲ್ ಕೂತಿರುತ್ತದೆ. ಡಾಕರ್ ಸ್ಟಾಪ್ ಕಳಿಸುವ ಸಿಗ್‌ಟರ್ಮ್ ('ನಿಲ್ಲು' ಎಂಬ ಸೂಚನೆ) ಆ್ಯಪ್‌ವರೆಗೆ ಹೋಗುವುದೇ ಇಲ್ಲ. 10 ಸೆಕೆಂಡ್ ಕಾದು ಡಾಕರ್ ಎಲ್ಲವನ್ನೂ ಕೊಂದುಬಿಡುತ್ತದೆ, ಅರ್ಧಕ್ಕೆ ನಿಂತ ರಿಕ್ವೆಸ್ಟ್‌ಗಳ ಸಮೇತ.

ಡಾಟ್‌ನಿಂದ ಓದಿಸಿದಾಗ ಆ ಫೈಲ್ ಶೆಲ್ ಕೋಡ್ ಆಗಿಬಿಡುತ್ತದೆ ಅನ್ನುವುದು ನೆನಪಿರಲಿ. ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದು ಡಬಲ್ ಕೋಟ್ ಹಾಕಿದ್ದರೆ, ಶೆಲ್ ಅದನ್ನು ಇನ್ನೊಂದು ವೇರಿಯಬಲ್ ಎಂದುಕೊಂಡು ಖಾಲಿ ಮಾಡುತ್ತದೆ. ಸಿಂಗಲ್ ಕೋಟ್ ಹಾಕಿ. ಈಕ್ವಲ್ ಚಿಹ್ನೆಯ ಎರಡೂ ಬದಿ ಸ್ಪೇಸ್ ಬೇಡ. ಆದರೆ ಇದೇ ಫೈಲನ್ನು ಡಾಕರ್ ರನ್‌ನ ಎನ್ವ್-ಫೈಲ್ ಆಯ್ಕೆಗೆ ಕೊಟ್ಟರೆ ಕೋಟ್ ಕೂಡ ವ್ಯಾಲ್ಯೂವಿನ ಭಾಗವಾಗುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಫೈಲ್ ಇಡುವುದು ನನಗೆ ಸರಿ ಕಾಣುವುದಿಲ್ಲ.

ಅತಿ ಹೆಚ್ಚು ಗೋಳು ಹುಯ್ದುಕೊಳ್ಳುವುದು ವಿಂಡೋಸ್‌ನಲ್ಲಿ ಸೇವ್ ಮಾಡಿದ ಫೈಲ್. ಪ್ರತಿ ಸಾಲಿನ ತುದಿಗೂ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿಕೊಂಡಿರುತ್ತದೆ. ಎಕೋ ಮಾಡಿದರೆ ಪಾಸ್‌ವರ್ಡ್ ಸರಿಯಾಗಿಯೇ ಕಾಣುತ್ತದೆ, ಡೇಟಾಬೇಸ್ ಮಾತ್ರ ಒಪ್ಪುವುದಿಲ್ಲ. 'ಕ್ಯಾಟ್ ಮೈನಸ್ ದೊಡ್ಡ ಎ' ಕೊಟ್ಟು ನೋಡಿ, ಸಾಲಿನ ಕೊನೆಗೆ ^ಎಂ ಕಂಡರೆ ಅದೇ ಕಾರಣ. ಸಾಲಿನ ತುದಿ ಸರಿಮಾಡುವ ಡಾಸ್‌ಟುಯುನಿಕ್ಸ್ ಪ್ರೋಗ್ರಾಂ ಓಡಿಸಿದರೆ ಹೋಗುತ್ತದೆ.

ಇನ್ನು, ಈ ಸಾಲುಗಳಿರುವ ಸ್ಕ್ರಿಪ್ಟನ್ನು ಸುಮ್ಮನೆ ರನ್ ಮಾಡಿ, ಟರ್ಮಿನಲ್‌ಗೆ ವೇರಿಯಬಲ್ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ: ಅದು ಓಡುವುದು ಮಗು ಪ್ರಾಸೆಸ್‌ನಲ್ಲಿ, ಅಲ್ಲಿ ಸೆಟ್ ಆದದ್ದು ತಾಯಿ ಶೆಲ್‌ಗೆ ಮರಳುವುದಿಲ್ಲ.

ಡಾಟ್ ಎನ್ವ್ ಫೈಲಿಗೆ 600 ಪರ್ಮಿಷನ್ (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅವಕಾಶ) ಕೊಡಿ, ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಸೇರಿಸಿ. ಈಗಾಗಲೇ ಕಮಿಟ್ ಆಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಿಸ್ಟರಿಯಲ್ಲಿ ಅದು ಉಳಿದಿರುತ್ತದೆ. ಆ ಪಾಸ್‌ವರ್ಡ್‌ಗಳನ್ನು ಇವತ್ತೇ ಬದಲಿಸಿ.