ಸೀಸದಕಡ್ಡಿಯ ಮಹಿಮೆ

ಸ್ಪೇನಿನ ಕಲಾವಿದ ಜುವಾನ್ ಮಿರೊ ಅವರ ಬಣ್ಣದ ಲಿಥೊಗ್ರಾಫೊಂದು, ಅಂದರೆ ಕಲ್ಲಚ್ಚಿನಿಂದ ಒತ್ತಿದ ಚಿತ್ರವೊಂದು, ಮತ್ತೆ ಹರಾಜಿಗೆ ಬಂದಿದೆ. ಕೆಂಪು, ಹಳದಿ, ನೀಲಿ, ನಡುವೆ ದಪ್ಪನೆಯ ಕಪ್ಪು ಗೆರೆ. ಅದು ಹಕ್ಕಿಯೋ ಹೆಂಗಸೋ ನಕ್ಷತ್ರವೋ ಎಂಬುದನ್ನು ನೋಡುವವರ ಪುಣ್ಯಕ್ಕೆ ಬಿಡಲಾಗಿದೆ. ಹರಾಜಿನ ಪಟ್ಟಿ ಬರೆದವರಿಗೆ ಆ ತಾಪತ್ರಯವಿಲ್ಲ. ಅವರು ಚಿತ್ರಕ್ಕೆ ಅರ್ಧ ಸಾಲು ಕೊಟ್ಟು, ಉಳಿದ ಭಕ್ತಿಯನ್ನೆಲ್ಲ ಕೆಳಗಿನ ಅಂಚಿಗೆ ಸಲ್ಲಿಸುತ್ತಾರೆ: ಬಲಕ್ಕೆ ಪೆನ್ಸಿಲಿನ ಸಹಿ, ಎಡಕ್ಕೆ ಎಪ್ಪತ್ತೈದು ಪ್ರತಿಗಳಲ್ಲಿ ಇದು ಎಷ್ಟನೆಯದೆಂಬ ಸಂಖ್ಯೆ.

ಬವೇರಿಯದ ನಾಟಕಕಾರ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಈ ಕಲ್ಲಚ್ಚಿನ ವಿದ್ಯೆಯ ಬೆನ್ನು ಹತ್ತಿದ್ದು ತನ್ನ ಬರಹಗಳನ್ನು ಅಗ್ಗವಾಗಿ ಅಚ್ಚು ಹಾಕುವ ಆಸೆಯಿಂದ. ಕಾಗದ ಕೈಗೆ ಸಿಗದೆ, ಅಗಸಗಿತ್ತಿಗೆ ಹಾಕಿದ ಬಟ್ಟೆಗಳ ಲೆಕ್ಕವನ್ನು ಸುಣ್ಣದಕಲ್ಲಿನ ಮೇಲೆ ಜಿಡ್ಡುಶಾಯಿಯಲ್ಲಿ ಬರೆದಾಗ ದಾರಿ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಜಿಡ್ಡಿಗೂ ನೀರಿಗೂ ಇರುವ ಎಣ್ಣೆ-ಸೀಗೆಕಾಯಿ ಸಂಬಂಧವೇ ಕಲ್ಲಚ್ಚಿನ ಗುಟ್ಟು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲಿಯೇ. ಅದನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಕಲಾವ್ಯಾಪಾರಿಗಳಂತೆ ಒಂದೊಂದು ಪ್ರತಿಗೂ ನಂಬರು ಬರೆದು, ಕೊನೆಗೆ ಕಲ್ಲನ್ನು ಗೀಚಿ ಕೆಡಿಸಿ, ‘ಇನ್ನು ಮುಂದೆ ಸಿಗುವುದಿಲ್ಲ’ ಎಂದು ಸಾರುವ ಜಾಣತನ ತೋರಿದ್ದರೆ ಬಾಸೆಲ್ ಮಿಷನ್ನಿನ ಬಡತನ ಅಂದೇ ತೀರುತ್ತಿತ್ತೇನೋ. ಪಾಪ, ಆ ಪಾದ್ರಿಗೆ ಓದುಗರು ಬೇಕಾಗಿದ್ದರು.

ಪ್ಯಾರಿಸ್ಸಿನ ಮೇಗ್ ಗ್ಯಾಲರಿಯವರು ತಮ್ಮ ಕಲಾಪತ್ರಿಕೆಯೊಳಗೆ ಮಿರೊ ಅವರ ಅಸಲಿ ಲಿಥೊಗಳನ್ನೇ ಮಡಿಸಿ ಹಂಚುತ್ತಿದ್ದರು. ಸಹಿಯಿಲ್ಲದ ಆ ಹಾಳೆ ಇಂದಿಗೂ ಸಾಧಾರಣ ಬೆಲೆಗೆ ಸಿಗುತ್ತದೆ. ಸಹಿ ಬಿದ್ದರೆ ಬೆಲೆ ಅನೇಕ ಪಟ್ಟು ಏರುತ್ತದೆ. ಅಂದರೆ ಬಣ್ಣ ಬಿಟ್ಟಿ, ಬೆಲೆಯೆಲ್ಲ ಸೀಸದಕಡ್ಡಿಗೆ. ಇನ್ನು ಕೆಲವು ಪ್ರತಿಗಳ ಮೇಲೆ ‘ಮಾರಾಟಕ್ಕಲ್ಲ’ ಎಂಬರ್ಥದ ಎರಡು ಫ್ರೆಂಚ್ ಅಕ್ಷರಗಳಿರುತ್ತವೆ, ಮತ್ತು ಅವು ಬಹಳ ಚೆನ್ನಾಗಿ ಮಾರಾಟವಾಗುತ್ತವೆ.

ಈ ತರ್ಕವನ್ನು ಪೂರ್ಣಗೊಳಿಸಿದ ಕೀರ್ತಿ ಮಿರೊ ಅವರ ನಾಡಿನವರೇ ಆದ ಕಲಾವಿದ ಸಾಲ್ವಡಾರ್ ಡಾಲಿ ಅವರದು. 1974ರಲ್ಲಿ ಪಕ್ಕದ ಪುಟ್ಟ ದೇಶ ಆಂಡೋರಾಕ್ಕೆ ಹೊರಟಿದ್ದ ಲಾರಿಯೊಂದನ್ನು ಫ್ರೆಂಚ್ ಸುಂಕದವರು ತಡೆದಾಗ, ಅದರಲ್ಲಿ ಡಾಲಿ ಅವರ ಸಹಿಯಿದ್ದ 40,000 ಖಾಲಿ ಹಾಳೆಗಳು ಸಿಕ್ಕವು. ಬಣ್ಣವಿಲ್ಲ, ಗೆರೆಯಿಲ್ಲ, ಕಲ್ಲಿನ ಹಂಗೂ ಇಲ್ಲ. ಅಮೂರ್ತ ಕಲೆ ಇದಕ್ಕಿಂತ ಮುಂದೆ ಹೋಗಲಾರದು. ಆಮೇಲೆ ಅಂಥ ಹಾಳೆಗಳ ಮೇಲೆ ಯಾರೋ ಏನನ್ನೋ ಒತ್ತಿದರು. ‘ಹೂಡಿಕೆ’ ಎಂಬ ಮಾತನ್ನು ನಂಬಿದ ಸಾಮಾನ್ಯ ಜನ ಉಳಿತಾಯದ ಹಣ ಸುರಿದು ಅವನ್ನು ಕೊಂಡರು. ಇಲ್ಲಿಗೆ ನನ್ನ ನಗು ನಿಲ್ಲುತ್ತದೆ. ಇದು ವಂಚನೆ, ಮತ್ತು ಭೂತಗನ್ನಡಿ ಹಿಡಿದು ಸಹಿಯನ್ನೇ ಪರೀಕ್ಷಿಸಲು ಕಲಿಸಿದ ಗೌರವಾನ್ವಿತ ಮಾರುಕಟ್ಟೆಯೇ ಅದಕ್ಕೆ ಹಾಸಿಗೆ ಹಾಸಿಕೊಟ್ಟಿತು.

ಬಣ್ಣದ ಲಿಥೊ ಎಂದರೆ ಬಣ್ಣಕ್ಕೊಂದು ಕಲ್ಲು. ಒಂದೇ ಹಾಳೆ ಹಳದಿಗೊಮ್ಮೆ, ಕೆಂಪಿಗೊಮ್ಮೆ, ನೀಲಿಗೊಮ್ಮೆ, ಕಪ್ಪಿಗೊಮ್ಮೆ ಯಂತ್ರದಡಿ ಹೋಗಿಬರಬೇಕು. ಕೂದಲೆಳೆಯಷ್ಟು ಜರುಗಿದರೂ ಹಾಳೆ ಕಸದಬುಟ್ಟಿಗೆ. ಪ್ಯಾರಿಸ್ಸಿನ ಮೂರ್ಲೋ ಮುದ್ರಣಾಲಯದಲ್ಲಿ ಮಿರೊ ಅವರ ಕೆಂಪನ್ನು ಕಪ್ಪಿನ ಪಕ್ಕಕ್ಕೆ ತಪ್ಪದೆ ತಂದು ಕೂರಿಸಿದ ಕೆಲಸಗಾರನ ಹೆಸರನ್ನು ಆ ಪವಿತ್ರ ಅಂಚಿನಲ್ಲಿ ಹುಡುಕಬೇಡಿ.