ಸತ್ಯಾಂಶ: ತೆಂಗಿನೆಣ್ಣೆ ಕುಡಿದರೆ ಮರೆವು ಹೋಗುತ್ತದೆಯೇ?

ಮಂಜೇಶ್ವರದಿಂದ ಬದಿಯಡ್ಕದವರೆಗೆ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಹಳೆಯ ಸಂದೇಶವೊಂದಿದೆ: ದಿನವೂ ಎರಡು ಚಮಚ ತೆಂಗಿನೆಣ್ಣೆ ಕುಡಿದರೆ ಕೀಟೋನ್ ಹೆಚ್ಚಿ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ವಾಸಿಯಾಗುತ್ತದಂತೆ. ಹೀಗೆ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಪೂರ್ತಿ ಕಟ್ಟುಕತೆಯೂ ಅಲ್ಲ, ಅದಕ್ಕೇ ಜನ ನಂಬುತ್ತಾರೆ. ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಉಪವಾಸ ಇದ್ದಾಗ ಲಿವರ್ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ, ಮಿದುಳು ಅದನ್ನೂ ಬಳಸುತ್ತದೆ. ಅಲ್ಝೈಮರ್ ಬಂದವರ ಮಿದುಳಿನಲ್ಲಿ ಗ್ಲೂಕೋಸ್ ಬಳಕೆ ಕುಗ್ಗುತ್ತದೆ, ಕೀಟೋನ್ ಬಳಕೆ ಅಷ್ಟಾಗಿ ಕುಗ್ಗುವುದಿಲ್ಲ. ಸಂಶೋಧಕರ ಕುತೂಹಲ ಹುಟ್ಟಿದ್ದು ಇಲ್ಲಿಂದಲೇ. ಆದರೆ ತೆಂಗಿನೆಣ್ಣೆಯ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ ಎಂಬ ಕೊಬ್ಬಿನ ಅಂಶ. ಅದರಿಂದ ಕೀಟೋನ್ ಹೆಚ್ಚೇನೂ ಹುಟ್ಟುವುದಿಲ್ಲ. ಚೆನ್ನಾಗಿ ಕೀಟೋನ್ ಕೊಡುವ ಕ್ಯಾಪ್ರಿಲಿಕ್ ಆಮ್ಲ ಹತ್ತರಲ್ಲೊಂದು ಪಾಲೂ ಇಲ್ಲ.

ಇದೇ ಹೆಸರಿನಲ್ಲಿ ಮಾರುವ ದುಬಾರಿ ಕೀಟೋನ್ ಪುಡಿಗಳು ರಕ್ತದಲ್ಲಿ ಕೀಟೋನ್ ಏರಿಸುವುದು ನಿಜ. ಮುಪ್ಪು ತಡೆಯುತ್ತವೆ ಎಂಬುದು ಬೇರೆ ಮಾತು. ಆಯಸ್ಸು, ನೆನಪಿನ ಬಗ್ಗೆ 2017ರಲ್ಲಿ ಸುದ್ದಿಯಾದ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ. ಅದೂ ಪುಡಿ ಕೊಟ್ಟಲ್ಲ, ಕೀಟೋ ಆಹಾರ (ಪಿಷ್ಟ, ಸಕ್ಕರೆ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಆಹಾರ) ಕೊಟ್ಟು.

ಇಂಥ ಸಂದೇಶ ಬಂದಾಗ ಕೇಳಿಕೊಳ್ಳಿ: ಇಲಿಯೋ, ಮನುಷ್ಯರೋ? ಎಷ್ಟು ಜನ, ಎಷ್ಟು ತಿಂಗಳು? ಬರೀ ಕೀಟೋನ್ ಅಳೆದರೋ, ನೆನಪನ್ನೂ ಪರೀಕ್ಷಿಸಿದರೋ? ವೈದ್ಯಕೀಯ ಸಂಶೋಧನೆಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಸಾರಾಂಶ ಉಚಿತವಾಗಿ ಓದಲು ಸಿಗುತ್ತದೆ. ಕೊನೆಯಲ್ಲಿ ಪುಡಿ ಮಾರುವ ಲಿಂಕ್ ಇದ್ದರೆ ಅನುಮಾನ ಸ್ವಲ್ಪ ಜಾಸ್ತಿಯೇ ಇರಲಿ.

ಕಳುಹಿಸುವವರು ಮನೆಯ ಹಿರಿಯರ ಮೇಲಿನ ಪ್ರೀತಿಯಿಂದಲೇ ಕಳುಹಿಸುತ್ತಾರೆ, ಅಲ್ವಾ? ಪದಾರ್ಥಕ್ಕೆ ತೆಂಗಿನೆಣ್ಣೆ ಹಾಕುವುದನ್ನೂ ಬಿಡಬೇಕಿಲ್ಲ. ಆದರೆ ಮರೆವಿಗೆ ಬಿ12 ಕೊರತೆ, ಥೈರಾಯ್ಡ್ ತೊಂದರೆಯೂ ಕಾರಣವಾಗಬಹುದು. ಎರಡಕ್ಕೂ ರಕ್ತಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ. ಎಣ್ಣೆ ಕುಡಿಸುತ್ತಾ ಡಾಕ್ಟರ ಬಳಿ ಹೋಗುವುದನ್ನು ಮುಂದೂಡಿದರೆ ಅದೇ ದೊಡ್ಡ ನಷ್ಟ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಕೀಟೋನ್ ಪುಡಿ ಮುಟ್ಟಬಾರದು.