“ಬಿಡಕ್ಕಾ, ಇದೆಲ್ಲ ಹೇಳೋದಲ್ಲ”

ಕಳೆದ ಕಾಫಿ ಕೊಯ್ಲಿನಲ್ಲಿ ಪಕ್ಕದ ತೋಟದವಳು ನಮ್ಮಲ್ಲಿಗೆ ಮುಯ್ಯಾಳಾಗಿ ಬಂದಿದ್ದಳು. ಸೋಮವಾರಪೇಟೆ ಕಡೆ ನಮ್ಮಂಥ ಎರಡು ಮೂರು ಎಕರೆಯವರಿಗೆ ಕೂಲಿಯಾಳು ಸಿಗುವುದೇ ಕಷ್ಟ, ಹಾಗಾಗಿ ಒಬ್ಬರ ತೋಟಕ್ಕೆ ಒಬ್ಬರು ಆಳಾಗಿ ಹೋಗುತ್ತೇವೆ. ಒಂದೇ ಗಿಡದ ಆಚೆ ಈಚೆ ನಿಂತು ಹಣ್ಣು ಬಿಡಿಸುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಆ ಧೈರ್ಯಕ್ಕೇ ಇರಬೇಕು, ಕೇಳಿದಳು: “ಅಕ್ಕಾ, ಪಾಪು ಹುಟ್ಟಿ ಏಳು ತಿಂಗಳಾಯ್ತು. ಇವರು ಹತ್ರ ಬಂದ್ರೆ ಉರಿ, ನೋವು. ನಂಗೇನಾದ್ರೂ ಕಾಯಿಲೆಯಾ?” ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ, “ಬಿಡಕ್ಕಾ, ಇದೆಲ್ಲ ಹೇಳೋದಲ್ಲ” ಅಂತ ಚೀಲ ಎಳೆದುಕೊಂಡು ಮುಂದಿನ ಗಿಡಕ್ಕೆ ಹೋದಳು. (ಬರೆಯಲು ಅವಳು ಒಪ್ಪಿದ್ದಾಳೆ.)

ಹೇಳೋದಲ್ಲ ಅಂತ ನಾನೂ ಮೂರು ವರ್ಷ ಸುಮ್ಮನಿದ್ದೆ. ಮುಟ್ಟು ನಿಲ್ಲುವ ಕಾಲ. ಮನಸ್ಸೇ ಇಲ್ಲ, ಬಂದರೂ ಮೈ ಒಪ್ಪದು. ಕೊನೆಗೊಮ್ಮೆ ಹೆಂಗಸರ ಡಾಕ್ಟರೊಬ್ಬರ ಬಳಿ ಬಾಯಿಬಿಟ್ಟೆ. “ಮಕ್ಕಳು ಕಾಲೇಜಿಗೆ ಹೋಗ್ತಿದ್ದಾರೆ, ಇನ್ನೂ ಯಾಕಮ್ಮಾ ನಿಮಗೆ?” ಅಂದರು. ಅಂದವರೂ ಹೆಂಗಸೇ. ಬಿಪಿ ನೋಡಿ ಕಳಿಸಿದರು. ಬಿಪಿ ಚೆನ್ನಾಗಿಯೇ ಇತ್ತು.

ಆ ಸಿಟ್ಟಿಗೆ ಕೂತು ಓದಿದೆ. 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ಲೆಕ್ಕ ಬಂತು: 18ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 43 ಮಂದಿಗೆ ಲೈಂಗಿಕ ತೊಂದರೆ, ಗಂಡಸರಲ್ಲಿ 31. ಓದಿ ಎದೆ ಹಗುರಾಯ್ತು, ಸುಳ್ಳು ಹೇಳಲಾರೆ. ಆದರೆ ಆಸೆ ಇರಲಿಲ್ಲವೇ, ನೋವಿತ್ತೇ ಅಂತ ಏಳು ಪ್ರಶ್ನೆ ಕೇಳಿ, ಒಂದಕ್ಕೆ ಹೌದು ಅಂದವಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಬೆಳಿಗ್ಗೆ ಐದಕ್ಕೆದ್ದು, ಹಗಲೆಲ್ಲ ಹಣ್ಣು ಕೊಯ್ದು, ರಾತ್ರಿ ಕಣದ ಕಾಫಿಗೆ ಟಾರ್ಪಾಲು ಹೊದಿಸಿ ಬಿದ್ದುಕೊಳ್ಳುವವಳಿಗೆ ಆಸೆ ಇಲ್ಲದಿದ್ದರೆ ಅದೂ ರೋಗವಾ? ಹಾಗಾದರೆ ಜನವರಿಯಲ್ಲಿ ನಮ್ಮೂರಲ್ಲಿ ನೂರಕ್ಕೆ ನೂರು.

2008ರಲ್ಲಿ ಅದೇ ದೇಶದಲ್ಲಿ 31 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿದರು. ತೊಂದರೆ ಇದೆ ಅಂದವರು ಮತ್ತೆ ನೂರಕ್ಕೆ 43ರ ಸುಮಾರು. ತೊಂದರೆಯೂ ಇದ್ದು ಅದರಿಂದ ಸಂಕಟವೂ ಇದೆ ಅಂದವರು 12. ಈ 12 ನನಗೆ ಮುಖ್ಯ. ಉಳಿದವರನ್ನು ಅವರ ಪಾಡಿಗೆ ಬಿಡಿ. 1998ರಲ್ಲಿ ಗಂಡಸರ ಮಾತ್ರೆ ವಯಾಗ್ರಾ ಗೆದ್ದ ಮೇಲೆ ಹೆಂಗಸರಿಗೂ ಒಂದು ಮಾರಬೇಕೆಂದು ಕಂಪನಿಗಳು ರೋಗವನ್ನೇ ದೊಡ್ಡದು ಮಾಡುತ್ತಿವೆ ಎಂದು 2003ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೀಕೆ ಬಂದಿತ್ತು.

ಆದರೆ ನೋವಿನ ವಿಷಯದಲ್ಲಿ ಈ ಜಗಳ ಬೇಡ. ಹಾಲೂಡಿಸುವಾಗ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಒಳಗೆ ಒಣಗುತ್ತದೆ, ಮುಟ್ಟು ನಿಂತ ಮೇಲೂ ಅಷ್ಟೇ. ಅದಕ್ಕೆ ಜೆಲ್ ಇದೆ, ಡಾಕ್ಟರು ಬರೆದುಕೊಡುವ ಕ್ರೀಮ್ ಇದೆ. ಖಿನ್ನತೆಯ ಕೆಲವು ಮಾತ್ರೆಗಳು ಆಸೆಯನ್ನು ಕುಗ್ಗಿಸುತ್ತವೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೂಡ ಕಾರಣವಾಗಬಹುದು. ಕೆಲವರಿಗೆ ಮುಟ್ಟಿದರೇ ಸ್ನಾಯು ಬಿಗಿದುಕೊಳ್ಳುತ್ತದೆ, ಅವಳು ಬೇಕೆಂದು ಮಾಡುವುದಲ್ಲ. ಅದಕ್ಕೂ ವ್ಯಾಯಾಮ, ಚಿಕಿತ್ಸೆ ಇದೆ. ನಾವು ಮಾತ್ರ ಬಾಣಂತಿಗೆ ಹಂಡೆ ಹಂಡೆ ಬಿಸಿನೀರು ಹುಯ್ಯುತ್ತೇವೆ, ಬೆಳ್ಳುಳ್ಳಿ, ಕರಿಮೆಣಸು, ತುಪ್ಪ ತಿನ್ನಿಸುತ್ತೇವೆ, ಹೊಟ್ಟೆಗೆ ಬಟ್ಟೆ ಬಿಗಿಯುತ್ತೇವೆ, ಮಗುವಿನ ಮಲದ ಬಣ್ಣದವರೆಗೂ ವಿಚಾರಿಸುತ್ತೇವೆ. ಈ ಒಂದು ಮಾತು ಮಾತ್ರ ಅಮ್ಮನೂ ಕೇಳುವುದಿಲ್ಲ, ಅತ್ತೆಯೂ ಕೇಳುವುದಿಲ್ಲ.

ಮರುದಿನ ಮತ್ತೆ ಅದೇ ಸಾಲಿನಲ್ಲಿ ನಿಂತು, ಗಿಡದ ಈಚೆಯಿಂದಲೇ ಇಷ್ಟೂ ಹೇಳಿದೆ. ಆಚೆ ಸ್ವಲ್ಪ ಹೊತ್ತು ಹಣ್ಣು ಬೀಳುವ ಸದ್ದಿಲ್ಲ. “ಹಾಗಾದ್ರೆ ನಂದೊಬ್ಬಳದೇ ಅಲ್ಲ” ಅಂದಳು.

ಸೋಮವಾರ ಸಂತೆಗೆ ಹೋದವಳು ಬೇರೆ ಡಾಕ್ಟರಿಗೆ ತೋರಿಸಿ ಜೆಲ್ ತಂದಿದ್ದಾಳೆ. ಮೆಡಿಕಲ್‌ನವನು ಪೇಪರಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಟ್ಟನಂತೆ. ಗಂಡನಿಗೆ ಏನು ಹೇಳಿದೆ ಅಂತ ಕೇಳಿದೆ.

“ಸೊಂಟಕ್ಕೆ ಹಚ್ಚೋದು ಅಂದಿದ್ದೀನಿ ಅಕ್ಕಾ.”